ಕಾಲಿಗೆ ಪ್ಲಾಸ್ಟರ್, ಊರೆಲ್ಲ ಡಾಕ್ಟರ್: ಬಳ್ಳಾರಿ ಬೇಸಿಗೆಯಲ್ಲಿ ಆರು ವಾರ ದೂಡುವ ಬಗೆ

ಕಾಲು ಮುರಿದರೆ ಮೊದಲು ನೋವು ಬರುತ್ತದೆ, ಆಮೇಲೆ ಜನ ಬರುತ್ತಾರೆ. ನೋವಿಗೆ ಮಾತ್ರೆ ಇದೆ. ಜನಕ್ಕೆ ಒಂದು ವ್ಯವಸ್ಥೆ ಬೇಕು. ಈ ಮಾರ್ಗದರ್ಶಿ ಎರಡರ ಬಗ್ಗೆಯೂ ಇದೆ, ಎರಡನೆಯದರ ಬಗ್ಗೆ ಸ್ವಲ್ಪ ಜಾಸ್ತಿ.

ನಾನು ಹೇಳುತ್ತಿರುವುದು ಪಾದದ ಕೀಲಿನ ಹತ್ತಿರ ಮೂಳೆ ಬಿರುಕು ಬಿಟ್ಟು, ‘ಆಪರೇಷನ್ ಬೇಡ, ಪ್ಲಾಸ್ಟರ್ ಸಾಕು’ ಎಂದು ಡಾಕ್ಟರು ಹೇಳಿದ ಕೇಸಿನ ಬಗ್ಗೆ. ಸಾಮಾನ್ಯವಾಗಿ ಆರು ವಾರದ ಮಾತು. ನನಗೆ ಬಿದ್ದದ್ದು ಎಡಗಾಲಿಗೆ, ಅದೂ ಏಪ್ರಿಲ್‌ನಲ್ಲಿ, ಬಳ್ಳಾರಿಯಲ್ಲಿ, 40 ಡಿಗ್ರಿ ದಾಟಿದ ಬಿಸಿಲಿನಲ್ಲಿ. ಕೈ ಮುರಿದುಕೊಂಡವರು ಊರುಗೋಲಿನ ಭಾಗ ಬಿಟ್ಟು ಉಳಿದದ್ದನ್ನು ಓದಬಹುದು. ನಿಮ್ಮ ಡಾಕ್ಟರು ಬೇರೆ ಏನಾದರೂ ಹೇಳಿದ್ದರೆ ಅವರ ಮಾತೇ ನಡೆಯಲಿ.

ಆಸ್ಪತ್ರೆಯಿಂದ ಹೊರಡುವ ಮುಂಚೆ

ಮನೆಗೆ ಹೊರಡುವ ಅವಸರದಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ. ನೀವು ಕೇಳಿ. ಕಾಲು ನೆಲಕ್ಕೆ ಊರಬಹುದಾ? ಊರಬಹುದಾದರೆ ಎಷ್ಟು ಭಾರ? ಮತ್ತೆ ಎಕ್ಸ್‌ರೇ ಯಾವಾಗ? ಯಾವ ಮಾತ್ರೆ, ಎಷ್ಟು ದಿನ? ರಾತ್ರಿ ಏನಾದರೂ ಆದರೆ ಎಲ್ಲಿಗೆ ಬರಬೇಕು? ಉತ್ತರವನ್ನೆಲ್ಲ ಜೊತೆಗೆ ಬಂದವರ ಫೋನಿನಲ್ಲಿ ಬರೆಸಿಬಿಡಿ. ಆ ಹೊತ್ತಿನಲ್ಲಿ ನಿಮ್ಮ ತಲೆಯಲ್ಲಿ ಏನೂ ನಿಲ್ಲುವುದಿಲ್ಲ. ಸಕ್ಕರೆ ಕಾಯಿಲೆ ಇದ್ದರೆ, ಹಿಂದೆ ಯಾವಾಗಾದರೂ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ, ಅದನ್ನೂ ಅಲ್ಲೇ ಹೇಳಿ.

ಊತ ಇರುವಾಗ ಸಾಮಾನ್ಯವಾಗಿ ಮೊದಲು ಅರ್ಧ ಕಟ್ಟು ಹಾಕುತ್ತಾರೆ, ಊತ ಇಳಿದ ಮೇಲೆ ಪೂರ್ತಿ ಕಟ್ಟು. ಬಿಳಿ ಪ್ಲಾಸ್ಟರ್ ಅಂದರೆ ಜಿಪ್ಸಮ್ ಪುಡಿ. ಒದ್ದೆಯಾದ ಕೆಲವೇ ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಆಗ ಕಾಲು ಬೆಚ್ಚಗಾಗುತ್ತದೆ, ಗಾಬರಿ ಬೇಡ. ಆದರೆ ಒಳಗೆಲ್ಲ ಒಣಗಲು ಎರಡು ಮೂರು ದಿನ ಬೇಕು. ಅಲ್ಲಿವರೆಗೆ ಮೆತ್ತನೆ ದಿಂಬಿನ ಮೇಲೇ ಇಡಿ. ಬೆರಳಿನಿಂದ ಒತ್ತಿ ನೋಡಬೇಡಿ, ನೋಡಲು ಬಂದ ಮಕ್ಕಳಿಗೂ ಒತ್ತಲು ಬಿಡಬೇಡಿ. ತಗ್ಗು ಬಿದ್ದ ಜಾಗ ಒಳಗೆ ಚರ್ಮಕ್ಕೆ ಚುಚ್ಚಿ ಹುಣ್ಣಾಗುತ್ತದೆ. ಫೈಬರ್ ಕಟ್ಟು ಹಗುರ, ಬೇಗ ಒಣಗುತ್ತದೆ, ರೇಟು ಜಾಸ್ತಿ. ಡಾಕ್ಟರು ಒಪ್ಪಿ, ಕೈಯಲ್ಲಿ ದುಡ್ಡಿದ್ದರೆ ನಮ್ಮ ಬೇಸಿಗೆಗೆ ಅದೇ ವಾಸಿ.

ಮೊದಲ ಮೂರು ದಿನ: ಕಾಲು ಮೇಲೆ, ತಲೆ ಕೆಳಗೆ

ಕಾಲು ಎದೆಯ ಮಟ್ಟಕ್ಕಿಂತ ಮೇಲಿರಬೇಕು. ಸ್ಟೂಲಿನ ಮೇಲೆ ಕಾಲಿಟ್ಟು ಕುರ್ಚಿಯಲ್ಲಿ ಕೂತರೆ ಅದು ಮೇಲಲ್ಲ. ಮಲಗಿ, ಕೆಳಗೆ ಎರಡು ಮೂರು ದಿಂಬು ಹಾಕಿ. ಮನೆಯಲ್ಲಿ ದಿಂಬು ಸಾಲದಿದ್ದರೆ ಚಾದರ ಮಡಚಿ ಒಟ್ಟಿ. ಗಂಟೆಗೊಮ್ಮೆ ಕಾಲ್ಬೆರಳು ಆಡಿಸಿ.

ಇಲ್ಲಿ ಒಂದು ವಿಷಯದಲ್ಲಿ ತಮಾಷೆ ಬೇಡ. ಮಾತ್ರೆಗೂ ಬಗ್ಗದೆ ನೋವು ಏರುತ್ತಲೇ ಇದ್ದರೆ, ಬೆರಳು ತಣ್ಣಗಾಗಿ ಬಿಳಿಚಿಕೊಂಡರೆ ಅಥವಾ ನೀಲಿಯಾದರೆ, ಜೋಮು ಹಿಡಿದು ಬಿಡದಿದ್ದರೆ, ಕಟ್ಟಿನೊಳಗಿಂದ ಕೆಟ್ಟ ವಾಸನೆ ಬಂದರೆ, ಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ಮೀನಖಂಡ ಬಿಗಿದುಕೊಂಡು ಊದಿದರೂ ಅಷ್ಟೇ. ಉಸಿರು ಕಟ್ಟಿದಂತಾದರೆ, ಎದೆ ನೋವು ಬಂದರೆ 108ಕ್ಕೆ ಫೋನ್ ಮಾಡಿ. ಸಕ್ಕರೆ ಕಾಯಿಲೆಯವರಿಗೆ ಕಾಲಿನ ನೋವು ಸರಿಯಾಗಿ ಗೊತ್ತೇ ಆಗದಿರಬಹುದು. ಹಾಗಾಗಿ ಅವರ ಬೆರಳಿನ ಬಣ್ಣವನ್ನು ಮನೆಯವರು ದಿನಾ ನೋಡಬೇಕು.

ಇದೇ ಹೊತ್ತಿಗೆ ಪುತ್ತೂರಿನ ಮಾತು ಬರುತ್ತದೆ. ಬಳ್ಳಾರಿಯಲ್ಲಿ ಮೂಳೆ ಮುರಿದ ಯಾರಿಗೂ ‘ಪುತ್ತೂರಿಗೆ ಹೋಗಿ ಕಟ್ಟು ಹಾಕಿಸ್ಕೊಂಡು ಬಾ’ ಎನ್ನುವ ಸಲಹೆ ತಪ್ಪಿದ್ದಲ್ಲ. ಆಂಧ್ರದ ಪುತ್ತೂರಿನ ಕಟ್ಟು ನಮ್ಮ ಸೀಮೆಯಲ್ಲಿ ಅಷ್ಟು ಹೆಸರುವಾಸಿ. ಹೇಳುವವರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಎಕ್ಸ್‌ರೇ ನೋಡಿ ಕೂಡಿಸಿದ ಮೂಳೆಯ ಕಟ್ಟನ್ನು ಅರ್ಧಕ್ಕೆ ಬಿಚ್ಚಿಸಿ ಇನ್ನೊಂದು ಕಟ್ಟಿಸುವುದು ಸರಿಯಲ್ಲ. ಮೂಳೆ ಜಾರಬಹುದು, ಬಿಗಿ ಜಾಸ್ತಿಯಾದರೆ ರಕ್ತದ ಓಡಾಟವೇ ನಿಲ್ಲಬಹುದು. ದೊಡ್ಡವರ ಜೊತೆ ವಾದ ಮಾಡಬೇಡಿ. ‘ಹೂಂ ದೊಡ್ಡಪ್ಪ, ಈ ಕಟ್ಟು ಬಿಚ್ಚಿದ ಮ್ಯಾಲೆ ನೋಡಾನ’ ಎಂದರೆ ಸಾಕು. ಬಿಚ್ಚುವ ಹೊತ್ತಿಗೆ ಅವರಿಗೂ ಮರೆತಿರುತ್ತದೆ.

ಊರುಗೋಲು: ಕಂಕುಳಲ್ಲ, ಕೈ

ಊರುಗೋಲನ್ನು ಕಂಕುಳಿಗೆ ಸಿಕ್ಕಿಸಿ ಅದರ ಮೇಲೆ ಜೋತು ಬೀಳುವವರೇ ಹೆಚ್ಚು. ಹಾಗೆ ಮಾಡಿದರೆ ಕಂಕುಳಿನ ನರ ಒತ್ತಿ ಕೈ ಜೋಮು ಹಿಡಿಯುತ್ತದೆ. ಭಾರ ಬೀಳಬೇಕಾದ್ದು ಅಂಗೈ ಮೇಲೆ. ಅಳತೆ ಹೀಗೆ: ನೆಟ್ಟಗೆ ನಿಂತಾಗ ಕಂಕುಳಿಗೂ ಕೋಲಿನ ತುದಿಗೂ ನಡುವೆ ಎರಡು ಮೂರು ಬೆರಳು ಜಾಗ ಇರಬೇಕು. ಕೈ ಇಳಿಬಿಟ್ಟರೆ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಸಿಗಬೇಕು. ಹಿಡಿದಾಗ ಮೊಣಕೈ ಸ್ವಲ್ಪ ಮಡಚಿರಬೇಕು. ಕಾಲು ಊರಬಾರದು ಎಂದಿದ್ದರೆ ಮೊದಲು ಎರಡೂ ಕೋಲು ಮುಂದೆ ಹಾಕಿ, ಅಂಗೈ ಮೇಲೆ ಭಾರ ಬಿಟ್ಟು, ಒಳ್ಳೆ ಕಾಲನ್ನು ಮುಂದೆ ತನ್ನಿ. ಮೊದಲ ದಿನ ಗೋಡೆ ಪಕ್ಕದಲ್ಲಿ, ಒಬ್ಬರನ್ನು ಹಿಂದೆ ನಿಲ್ಲಿಸಿಕೊಂಡು ಕಲಿಯಿರಿ.

ಮೆಟ್ಟಿಲಿಗೆ ಒಂದೇ ಮಾತು ನೆನಪಿಡಿ: ಹತ್ತಲು ಗಟ್ಟಿ ಕಾಲು, ಇಳಿಯಲು ಕಟ್ಟಿದ ಕಾಲು. ಹತ್ತುವಾಗ ಒಳ್ಳೆ ಕಾಲು ಮೊದಲು ಮೇಲೆ ಹೋಗುತ್ತದೆ, ಕೋಲು ಮತ್ತು ಪ್ಲಾಸ್ಟರ್ ಕಾಲು ಹಿಂದಿನಿಂದ ಬರುತ್ತವೆ. ಇಳಿಯುವಾಗ ಕೋಲು ಮತ್ತು ಪ್ಲಾಸ್ಟರ್ ಕಾಲು ಮೊದಲು. ಜೊತೆಗಿರುವವರು ಯಾವಾಗಲೂ ನಿಮಗಿಂತ ಕೆಳಗಿನ ಮೆಟ್ಟಿಲಲ್ಲೇ ಇರಲಿ. ನಮ್ಮ ಕಡೆ ಎಷ್ಟೋ ಮನೆಗಳ ಹೊರಗಿನ ಮೆಟ್ಟಿಲಿಗೆ ಕಂಬಿಯೇ ಇರುವುದಿಲ್ಲ. ಅಂಥ ಕಡೆ ಮಾನ ಮರ್ಯಾದೆ ಪಕ್ಕಕ್ಕಿಟ್ಟು, ಕುಂಡಿ ಊರಿ ಒಂದೊಂದೇ ಮೆಟ್ಟಿಲು ಜಾರುತ್ತಾ ಇಳಿಯಿರಿ. ಎದುರುಮನೆಯವರು ನಗುತ್ತಾರೆ. ನಗಲಿ ಬಿಡಿ.

ಕೋಲಿನ ಕೆಳಗಿನ ರಬ್ಬರ್ ಬುಶ್ ಸವೆದಿದೆಯಾ ನೋಡುತ್ತಿರಿ. ಒದ್ದೆ ಕಡಪಾ ಕಲ್ಲಿನ ಮೇಲೆ ಸವೆದ ರಬ್ಬರ್ ನಿಲ್ಲುವುದೇ ಇಲ್ಲ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವ ಹೊತ್ತಿನಲ್ಲಿ ಹೊರಗೆ ಕಾಲಿಡಬೇಡಿ. ಎತ್ತರದ ಹೊಸ್ತಿಲಿದ್ದರೆ ಅದನ್ನೂ ಒಂದು ಮೆಟ್ಟಿಲು ಎಂದೇ ಎಣಿಸಿ.

ಮನೆಯೊಳಗೆ

ಮಹಡಿ ಬಿಟ್ಟು ಕೆಳಗಿನ ಕೋಣೆಗೆ ಬನ್ನಿ. ಮಹಡಿ ಕೋಣೆ ಬೇಸಿಗೆಯಲ್ಲಿ ಹೇಗೂ ಕಾಯ್ದ ಹಂಚು. ಚಾಪೆ, ಚಾರ್ಜರ್ ವೈರು, ನೀರಿನ ಕೊಡ ಯಾವುದೂ ದಾರಿಯಲ್ಲಿ ಇರಬಾರದು. ನಳ ಬಿಟ್ಟ ದಿನ ಇದು ಕಷ್ಟ, ಡ್ರಮ್ಮು ಬಕೆಟ್ಟು ಎಲ್ಲ ನಡುಮನೆಗೇ ಬಂದಿರುತ್ತವೆ. ಆ ದಿನ ನೀವು ಮಂಚ ಬಿಟ್ಟು ಇಳಿಯದಿರುವುದೇ ಒಳ್ಳೆಯದು.

ಊರುಗೋಲು ಹಿಡಿದ ಮೇಲೆ ಎರಡೂ ಕೈ ಹೋದಂತೆಯೇ. ಒಂದು ಲೋಟ ಚಹಾ ಅಡುಗೆಮನೆಯಿಂದ ಮಂಚದವರೆಗೆ ತರಲು ಆಗುವುದಿಲ್ಲ. ಹೆಗಲಿಗೆ ಅಡ್ಡ ಹಾಕುವ ಬಟ್ಟೆ ಚೀಲ, ಗಟ್ಟಿ ಮುಚ್ಚಳದ ಬಾಟಲಿ, ಸಣ್ಣ ಫ್ಲಾಸ್ಕ್ ಇಷ್ಟು ಇಟ್ಟುಕೊಳ್ಳಿ. ರಾತ್ರಿ ಕರೆಂಟ್ ಹೋದರೆ ಕೈಗೆ ಸಿಗುವಂತೆ ಬ್ಯಾಟರಿ ಇರಲಿ.

ಇನ್ನು ಸಂಡಾಸಿನ ಮಾತು. ಯಾರೂ ಮೊದಲೇ ಹೇಳುವುದಿಲ್ಲ, ಮೊದಲ ದಿನವೇ ಬೇಕಾಗುತ್ತದೆ. ಕುಕ್ಕರುಗಾಲಲ್ಲಿ ಕೂರುವ ಸಂಡಾಸು ಈ ಕಾಲಿಗೆ ಆಗದ ಕೆಲಸ. ನಡುವೆ ತೂತು ಇರುವ ಕಮೋಡ್ ಕುರ್ಚಿ ಆಸ್ಪತ್ರೆ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಹಳೇ ಸಂಡಾಸಿನ ಮೇಲೇ ಇಡಬಹುದು. ಓಡಾಟ ಕಷ್ಟ ಅಂತ ನೀರು ಕುಡಿಯುವುದನ್ನು ಮಾತ್ರ ಕಮ್ಮಿ ಮಾಡಬೇಡಿ. ಎಲ್ಲರೂ ಮಾಡುವುದು ಅದನ್ನೇ. ಬಿಸಿಲು, ನೋವಿನ ಮಾತ್ರೆ, ಕಮ್ಮಿ ನೀರು ಮೂರೂ ಸೇರಿದರೆ ಕಿಡ್ನಿಗೆ ಏಟು. ಮಲಬದ್ಧತೆಯ ಗೋಳು ಬೇರೆ.

ಸ್ನಾನಕ್ಕೆ ಒಂದು ಪ್ಲಾಸ್ಟಿಕ್ ಕುರ್ಚಿ, ಕಾಲು ಚಾಚಲು ಒಂದು ಸ್ಟೂಲು. ಕಟ್ಟಿಗೆ ಒಂದರ ಮೇಲೊಂದು ಎರಡು ಪ್ಲಾಸ್ಟಿಕ್ ಕವರ್ ಹಾಕಿ, ಮೇಲ್ತುದಿಯನ್ನು ಚರ್ಮಕ್ಕೆ ಟೇಪಿನಿಂದ ಅಂಟಿಸಿ. ಆದರೂ ಕವರನ್ನು ನಂಬಿ ಕಾಲಿನ ಮೇಲೆ ನೀರು ಸುರಿಯಬೇಡಿ, ಚೊಂಬಿನಲ್ಲಿ ಮೈಗೆ ಮಾತ್ರ ಹಾಕಿಕೊಳ್ಳಿ. ಒಳಗಿನ ಹತ್ತಿ ನೆನೆದರೆ ಆಸ್ಪತ್ರೆಗೇ ಹೋಗಬೇಕು.

ದೋಸ್ತರಿಗೆ ಕೆಲಸ ಹಂಚಿ

ಎಲ್ಲರೂ ಹೇಳುವ ಮಾತು ಒಂದೇ: ‘ಏನ್ ಬೇಕಂದ್ರೂ ಹೇಳಲೇ, ನಾನದೀನಿ.’ ಮನಸ್ಸಿನಿಂದಲೇ ಹೇಳುತ್ತಾರೆ. ನಾವು ‘ಏನೂ ಬ್ಯಾಡ ಬಿಡಲೇ’ ಅನ್ನುತ್ತೇವೆ. ಅಲ್ಲಿಗೆ ಮುಗಿಯಿತು. ಅವನು ಒಂದು ಡಜನ್ ಮೋಸಂಬಿ ಇಟ್ಟು ಹೋಗುತ್ತಾನೆ. ಹೀಗೆ ಐದಾರು ಜನ ಬಂದರೆ ಮನೆ ಹಣ್ಣಿನ ಅಂಗಡಿಯಾಗುತ್ತದೆ, ಗ್ಯಾಸ್ ಸಿಲಿಂಡರ್ ಮಾತ್ರ ಖಾಲಿಯೇ ಇರುತ್ತದೆ.

ಸಂಕೋಚ ಬಿಟ್ಟು ಕೆಲಸದ ಹೆಸರು ಹೇಳಿ. ಕೆಲಸ, ದಿನ, ಹೊತ್ತು ಮೂರನ್ನೂ ಹೇಳಿ. ‘ಸೋಮವಾರ ಹತ್ತು ಗಂಟೆಗೆ ಎಕ್ಸ್‌ರೇಗೆ ಹೋಗ್ಬೇಕು, ಬರ್ತೀಯಾ?’ ಎಂದರೆ ಬರುತ್ತಾನೆ ಅಥವಾ ಆಗಲ್ಲ ಅನ್ನುತ್ತಾನೆ. ಎರಡೂ ಒಳ್ಳೆಯದೇ.

ಯಾರಿಗೆ ಯಾವ ಕೆಲಸ ಅನ್ನುವುದು ಅವರ ಸ್ವಭಾವದ ಮೇಲೆ. ಸಮಯಕ್ಕೆ ಸರಿಯಾಗಿ ಬರುವವನಿಗೆ ಆಸ್ಪತ್ರೆ. ಮೈಯಲ್ಲಿ ಕಸುವಿರುವವನಿಗೆ ನಳ ಬಿಟ್ಟ ದಿನ ನೀರು ತುಂಬಿಸುವುದು, ಕೂಲರ್‌ಗೆ ನೀರು ಹಾಕುವುದು. ಲೆಕ್ಕ ಗೊತ್ತಿರುವವನಿಗೆ ಸಂತೆ, ರೇಷನ್, ಕರೆಂಟ್ ಬಿಲ್. ಯಾವ ಕೆಲಸಕ್ಕೂ ಬಾರದ, ಆದರೆ ಬಾಯಿ ಜೋರಿರುವ ಒಬ್ಬ ದೋಸ್ತ ಎಲ್ಲರಿಗೂ ಇರುತ್ತಾನೆ ಅಲ್ವಾ? ಅವನನ್ನು ಸಂಜೆಗೆ ಇಟ್ಟುಕೊಳ್ಳಿ. ಮೂರನೇ ವಾರದಲ್ಲಿ ಅವನೇ ಎಲ್ಲರಿಗಿಂತ ಜಾಸ್ತಿ ಉಪಯೋಗಕ್ಕೆ ಬರುತ್ತಾನೆ. ಮೊದಲ ವಾರದ ಜಾತ್ರೆ ಆ ಹೊತ್ತಿಗೆ ಕರಗಿರುತ್ತದೆ, ಹೊರಗೆ ಬಿಸಿಲು, ಒಳಗೆ ಫ್ಯಾನು, ನೋಡಿದ್ದೇ ಗೋಡೆ.

ಸಾಮಾನು ತಂದುಕೊಟ್ಟವರಿಗೆ ಅಲ್ಲೇ ಫೋನ್‌ಪೇ ಮಾಡಿಬಿಡಿ. ‘ಇರ್ಲಿ ಬಿಡಲೇ’ ಎಂದರೂ ಮಾಡಿ. ಅವರ ಹೊತ್ತು ಪುಕ್ಕಟೆ ಸಿಗುತ್ತಿದೆ, ದುಡ್ಡೂ ಪುಕ್ಕಟೆಯಾದರೆ ಮುಂದಿನ ಸಲ ಕೇಳಲು ನಿಮಗೇ ನಾಚಿಕೆಯಾಗುತ್ತದೆ.

ಇನ್ನೊಂದು ಲೆಕ್ಕ ಯಾರೂ ಹಾಕುವುದಿಲ್ಲ. ನೋಡಲು ಬಂದವರಿಗೆಲ್ಲ ಚಹಾ ಮಾಡುವವರು ಯಾರು? ನಿಮ್ಮನ್ನು ಎಬ್ಬಿಸಿ ಕೂರಿಸಿ, ಮಾತ್ರೆ ಕೊಟ್ಟು, ಬಟ್ಟೆ ಒಗೆದ ಅದೇ ಅವ್ವನೋ ಹೆಂಡತಿಯೋ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ಸಿರುಗುಪ್ಪ, ಕಂಪ್ಲಿ, ಸಂಡೂರಿನ ಅತ್ತೆ, ಚಿಕ್ಕಮ್ಮ, ಅಕ್ಕ ಯಾರಿಗೂ ಬಾರದಿರಲು ನೆಪವೇ ಉಳಿದಿಲ್ಲ. ಬರಲಿ, ಬಂದರೆ ಮನೆ ತುಂಬಿದಂತಿರುತ್ತದೆ. ಆದರೆ ದೋಸ್ತರಿಗೆ ಒಂದು ನಿಯಮ ಮಾಡಿ: ಸಂಜೆ ಬರುವವರು ಹೋಟೆಲ್‌ನಿಂದ ಫ್ಲಾಸ್ಕ್‌ನಲ್ಲಿ ಚಹಾ ತರಬೇಕು. ಒಗ್ಗರಣೆ ಮಂಡಕ್ಕಿ, ಮಿರ್ಚಿ ತಂದರೆ ಇನ್ನೂ ಒಳ್ಳೆಯದು. ತಿಂದ ಪೇಪರ್ ಅವರೇ ಎತ್ತಬೇಕು. ವಾರಕ್ಕೆ ಒಂದು ಸಂಜೆ ಒಬ್ಬ ದೋಸ್ತ ನಿಮ್ಮ ಹತ್ತಿರ ಕೂತು, ಮನೆಯವರನ್ನು ಗುಡಿಗೋ ಬಜಾರಿಗೋ ಕಳಿಸಲಿ.

ನಗುವ ಕ್ರಮ

ಹೌದು, ಇದಕ್ಕೂ ಕ್ರಮ ಇದೆ. ಮೊದಲ ಜೋಕು ನೀವೇ ಹೊಡೆಯಬೇಕು. ಬಂದವರಿಗೆ ಮುಖ ಹೇಗೆ ಇಟ್ಟುಕೊಳ್ಳಬೇಕು ಗೊತ್ತಿರುವುದಿಲ್ಲ. ನೀವು ನಕ್ಕರೆ ಅವರ ಹೆಗಲು ಸಡಿಲವಾಗುತ್ತದೆ, ‘ಅಯ್ಯೋ ಪಾಪ’ ನಿಲ್ಲುತ್ತದೆ.

ಎಲ್ಲಕ್ಕಿಂತ ಸುಸ್ತು ಮಾಡುವುದು ‘ಹೆಂಗಾತು?’ ಎಂಬ ಪ್ರಶ್ನೆ. ಅದೇ ಕಥೆಯನ್ನು ಅದೇ ದುಃಖದಲ್ಲಿ ಎಷ್ಟು ಸಲ ಹೇಳಲಾಗುತ್ತದೆ? ನಾನು ಒಂದು ಹಾಳೆಯಲ್ಲಿ ಬರೆದು ಬಾಗಿಲಿಗೆ ಅಂಟಿಸಿದ್ದೆ:

ಮರಳಿನ ಮೇಲೆ ಗಾಡಿ ಜಾರಿತು.
ಸ್ಪೀಡ್ ಇರಲಿಲ್ಲ. ಹೆಲ್ಮೆಟ್ ಇತ್ತು.
ಎಡಗಾಲು. ಆರು ವಾರ.
ಇಲ್ಲ, ಪುತ್ತೂರಿಗೆ ಹೋಗುವುದಿಲ್ಲ.
ಗಾಡಿ ಚೆನ್ನಾಗಿದೆ, ಕೇಳಿದ್ದಕ್ಕೆ ಥ್ಯಾಂಕ್ಸ್.
ಚಹಾ ನೀವೇ ತಂದಿದ್ದೀರಿ ಅಂದುಕೊಂಡಿದ್ದೇನೆ.

ಓದಿ ನಗುತ್ತಲೇ ಒಳಗೆ ಬರುತ್ತಿದ್ದರು. ಮಾತು ಬೇರೆ ಕಡೆಯಿಂದ ಶುರುವಾಗುತ್ತಿತ್ತು. ಮಕ್ಕಳಿಗೆ ಮಾತ್ರ ಬೇರೆ ಕಥೆ ಬೇಕು. ಬಳ್ಳಾರಿ ಗುಡ್ಡದ ಮೇಲಿನ ಕೋಟೆಯಿಂದ ಜಿಗಿದೆ ಎಂದು ಹೇಳಿನೋಡಿ, ಅವರೇ ಮುಂದಿನದನ್ನು ಕಟ್ಟುತ್ತಾರೆ.

ಒಣಗಿದ ಮೇಲೆ ಕಟ್ಟಿನ ಮೇಲೆ ಬರೆಯಲು ಮಾರ್ಕರ್ ಇಡಿ. ‘ಬೇಗ ಗುಣವಾಗು’ ಎಂದು ಬರೆಯುವುದಕ್ಕೆ ನಮ್ಮ ಗುಂಪಿನಲ್ಲಿ ನಿಷೇಧ ಇತ್ತು. ಅದಿರಿನ ಲಾರಿ ನೋಡಿ ಬೆಳೆದ ಊರು ನಮ್ಮದು, ಲಾರಿ ಹಿಂದಿನ ಬರಹವೇ ಬೇಕು. ಹಿಮ್ಮಡಿಯ ಹತ್ತಿರ ‘ಸೌಂಡ್ ಹಾರ್ನ್’, ಮೀನಖಂಡದ ಮೇಲೆ ‘ಅಂತರ ಕಾಪಾಡಿ’, ಬೆರಳ ಪಕ್ಕ ‘ಸಾಲ ಕೇಳಬೇಡಿ’. ಮುಂದಿನ ಸಲ ಹೋದಾಗ ಡಾಕ್ಟರು ಕಾಲು ನೋಡುವ ಮುಂಚೆ ಅದನ್ನೆಲ್ಲ ಓದಿದರು.

ಐಪಿಎಲ್ ದಿನಗಳಾದ್ದರಿಂದ ಸಂಜೆಗಳು ಹೇಗೋ ಕಳೆದವು. ನಾನು ವಾರ ಎಣಿಸುತ್ತಾ ಗೊಣಗಿದಾಗಲೆಲ್ಲ ಒಬ್ಬ ದೋಸ್ತನದು ಒಂದೇ ಉತ್ತರ: ‘ಆರ್‌ಸಿಬಿ ಕಪ್ಪಿಗೆ 18 ಸೀಸನ್ ಕಾದೀವಿ, ನಿನ್ನ ಆರು ವಾರ ಯಾವ ಲೆಕ್ಕಲೇ?’

ನಗುವಿಗೂ ಮಿತಿ ಇದೆ. ಜೋಕು ನಿಮ್ಮ ಕಾಲಿನ ಮೇಲಿರಲಿ, ನಿಮ್ಮ ಆರೈಕೆ ಮಾಡುವವರ ಮೇಲೆ ಬೇಡ. ಕುಂಟುವ ನಡಿಗೆಯನ್ನು ಅಣಕಿಸುವ ಜೋಕು ಬೇಡವೇ ಬೇಡ. ನಿಮಗೆ ಇದು ಆರು ವಾರ, ಅದೇ ಓಣಿಯಲ್ಲಿ ಹುಟ್ಟಿದಾಗಿನಿಂದ ಊರುಗೋಲು ಹಿಡಿದವರು ಇರಬಹುದು. ಪಕ್ಕೆಲುಬಿಗೂ ಪೆಟ್ಟಾಗಿದ್ದರೆ ನಗು ಬಂದಾಗ ದಿಂಬನ್ನು ಎದೆಗೆ ಒತ್ತಿ ಹಿಡಿಯಿರಿ, ನೋವು ಕಮ್ಮಿಯಾಗುತ್ತದೆ. ರಾತ್ರಿ ಎರಡು ಗಂಟೆಗೆ ಕಾಲು ಸೆಳೆಯುವಾಗ ಯಾವ ಜೋಕೂ ಕೆಲಸಕ್ಕೆ ಬರುವುದಿಲ್ಲ. ಆಗ ಸುಮ್ನೆ ಮಾತಾಡಲು ಒಬ್ಬರು ಬೇಕು. ನೈಟ್ ಶಿಫ್ಟಿನಲ್ಲಿರುವ ದೋಸ್ತ ಇದ್ದರೆ ಅವನನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಬೆವರು ಮತ್ತು ತುರಿಕೆ

ಎರಡನೇ ವಾರದಿಂದ ನೋವು ಹಿಂದೆ ಸರಿಯುತ್ತದೆ, ತುರಿಕೆ ಮುಂದೆ ಬರುತ್ತದೆ. ಸ್ಕೇಲು, ಪೆನ್ನು, ಹೆಣಿಗೆ ಕಡ್ಡಿ ಒಳಗೆ ತೂರಿಸುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಒಳಗೆ ಚರ್ಮ ಮೆತ್ತಗಾಗಿರುತ್ತದೆ, ಗೀಚಿದರೆ ಗಾಯ, ಗಾಯಕ್ಕೆ ಕೀವು, ಅದು ಕಣ್ಣಿಗೂ ಕಾಣುವುದಿಲ್ಲ. ಪೌಡರ್, ಎಣ್ಣೆ ಸುರಿಯುವುದೂ ಬೇಡ. ಕಟ್ಟಿನ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿ. ಹೇರ್ ಡ್ರೈಯರ್ ಇದ್ದರೆ ತಣ್ಣನೆ ಗಾಳಿ ಮಾತ್ರ ಬಿಡಿ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಕೂಲರ್ ಮುಂದೆ ಇರಿ, ಹೊರಗಿನ ಕೆಲಸ ಬೆಳಿಗ್ಗೆಯೇ ಮುಗಿಸಿ.

ಊಟ

ದಿನದ ರೊಟ್ಟಿ, ಪಲ್ಯ, ಬೇಳೆ, ಮೊಸರು ಸಾಕು. ಜೊತೆಗೆ ರಾಗಿ ಅಂಬಲಿ ಕುಡಿಯಿರಿ, 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇರುತ್ತದೆ. ಎಳ್ಳು, ನುಗ್ಗೆ ಸೊಪ್ಪು, ಮೊಟ್ಟೆ ಒಳ್ಳೆಯದು. ಕಾಲು ಸೂಪು ಕುಡಿದರೆ ಮೂಳೆ ಕೂಡುತ್ತದೆ ಎಂದು ತಂದುಕೊಡುತ್ತಾರೆ. ಅದರಲ್ಲಿ ಕ್ಯಾಲ್ಸಿಯಂ ಅಷ್ಟೇನೂ ಇಲ್ಲ, ರುಚಿ ಮಾತ್ರ ಇದೆ, ಹಾಗಾಗಿ ಬೇಡ ಅನ್ನಬೇಡಿ. ಬೀಡಿ, ಸಿಗರೇಟು ಮೂಳೆ ಕೂಡುವುದನ್ನು ತಡ ಮಾಡುತ್ತವೆ. ಕೈಯಲ್ಲಿ ತಂಬಾಕು ಹಿಡಿದು ಬರುವ ದೋಸ್ತರಿಗೆ ಇದನ್ನು ಬಾಗಿಲ ಹಾಳೆಯಲ್ಲೇ ಸೇರಿಸಬಹುದು.

ಪ್ಯಾಂಟು ಮತ್ತು ಆಟೋ

ಜೀನ್ಸ್ ಹೊಲಿಯುವ ಊರಿನಲ್ಲಿದ್ದು ಪ್ಯಾಂಟಿಗೆ ಪರದಾಡಬೇಕಾಗಿಲ್ಲ. ಹಳೇ ಪ್ಯಾಂಟೊಂದನ್ನು ಟೈಲರ್‌ಗೆ ಕಳಿಸಿ, ಪೆಟ್ಟಾದ ಕಾಲಿನ ಹೊರಹೊಲಿಗೆಯನ್ನು ತೊಡೆವರೆಗೆ ಬಿಚ್ಚಿಸಿ ಚಿಟಿಕೆ ಗುಂಡಿ ಹಾಕಿಸಿ. ಹಾಕಿಕೊಳ್ಳುವಾಗ ಪ್ಲಾಸ್ಟರ್ ಕಾಲು ಮೊದಲು, ಬಿಚ್ಚುವಾಗ ಅದು ಕೊನೆಗೆ. ಲುಂಗಿ ಸುಲಭ, ಆದರೆ ಮಡಚಿ ಕಟ್ಟಿ. ಇಳಿಬಿಟ್ಟ ಲುಂಗಿ ಊರುಗೋಲಿಗೆ ಸಿಕ್ಕಿಕೊಳ್ಳುತ್ತದೆ.

ಬೈಕಿನ ಹಿಂದೆ ಕೂತು ಕಾಲು ಹೊರಗೆ ಚಾಚಿಕೊಂಡು ಹೋಗುವ ಸಾಹಸ ಬೇಡ. ಆಟೋ ಹಿಡಿಯಿರಿ, ಶೇರ್ ಆಟೋ ಅಲ್ಲ. ಹತ್ತುವ ಬಗೆ ಹೀಗೆ: ಆಟೋಗೆ ಬೆನ್ನು ಮಾಡಿ ನಿಂತು, ಕೋಲುಗಳನ್ನು ಜೊತೆಯವರಿಗೆ ಕೊಟ್ಟು, ಸೀಟಿನ ಅಂಚಿಗೆ ಮೊದಲು ಕೂರಿ. ಕೈ ಊರಿ ಹಿಂದಕ್ಕೆ ಸರಿಯುತ್ತಾ ಆಚೆ ತುದಿಗೆ ಬೆನ್ನು ಕೊಡಿ. ಕಾಲು ಸೀಟಿನ ಮೇಲೆ ಉದ್ದಕ್ಕೆ ಬರುತ್ತದೆ. ದೋಸ್ತ ಡ್ರೈವರ್ ಪಕ್ಕ ಜಾಗ ಮಾಡಿಕೊಳ್ಳಲಿ ಅಥವಾ ಬೈಕಿನಲ್ಲಿ ಹಿಂದೆ ಬರಲಿ. ‘ಅಣ್ಣಾ, ಹಂಪ್ ಹತ್ರ ಮೆಲ್ಲಗ’ ಎಂದು ಮೊದಲೇ ಹೇಳಿಬಿಡಿ.

ಕಟ್ಟು ಬಿಚ್ಚಿದ ಮೇಲೆ

ಕಟ್ಟು ಕೊಯ್ಯುವ ಮಷಿನ್ ಗರಗಸದ ಸದ್ದು ಮಾಡುತ್ತದೆ, ಧೈರ್ಯಸ್ಥರೂ ಕಣ್ಣು ಮುಚ್ಚುತ್ತಾರೆ. ಅದರ ಬ್ಲೇಡು ಸುತ್ತುವುದಿಲ್ಲ, ಅತ್ತಿತ್ತ ಅದುರುತ್ತದೆ ಅಷ್ಟೇ. ಗಟ್ಟಿ ಪ್ಲಾಸ್ಟರ್ ಕೊಯ್ಯುತ್ತದೆ, ಮೆತ್ತನೆ ಚರ್ಮ ಅದರ ಜೊತೆಗೇ ಅಲುಗುವುದರಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ತೀರಾ ಬಿಸಿ ಅನಿಸಿದರೆ ನಿಲ್ಲಿಸಲು ಹೇಳಿ.

ಹೊರಬಂದ ಕಾಲು ಸಣಕಲಾಗಿ, ಸಿಪ್ಪೆ ಸುಲಿಯುತ್ತಾ, ಕೂದಲು ಜಾಸ್ತಿ ಕಾಣುತ್ತಾ ಯಾರದೋ ಕಾಲಿನಂತಿರುತ್ತದೆ. ಉಗುರುಬೆಚ್ಚನೆ ನೀರಿನಲ್ಲಿ ನೆನೆಸಿ, ಕೊಬ್ಬರಿ ಎಣ್ಣೆ ಹಚ್ಚಿ. ಉಜ್ಜಿ ತೆಗೆಯಬೇಡಿ. ಕೀಲು ಬಿಗಿದಿರುತ್ತದೆ, ಸಂಜೆ ಹೊತ್ತು ಸ್ವಲ್ಪ ಊದುತ್ತದೆ. ಅದು ವಾರಗಟ್ಟಲೆ ಇರಬಹುದು. ಫಿಸಿಯೋಥೆರಪಿ ತಪ್ಪಿಸಬೇಡಿ, ಈ ಹಂತದಲ್ಲಿ ದೋಸ್ತರೆಲ್ಲ ‘ಆರಾಮಾದ್ಯಲ್ಲ’ ಎಂದು ಕೈ ತೊಳೆದುಕೊಂಡಿರುತ್ತಾರೆ. ಒಬ್ಬನನ್ನಾದರೂ ಬೆಳಗಿನ ವಾಕಿಂಗಿಗೆ ಹಿಡಿದಿಟ್ಟುಕೊಳ್ಳಿ. ಸಪಾಟು ಜಾಗದಲ್ಲಿ, ನಿಧಾನಕ್ಕೆ.

ಊರುಗೋಲು ಅಟ್ಟಕ್ಕೆ ಹಾಕುವ ಮುಂಚೆ ರಬ್ಬರ್ ಬುಶ್ ಹೊಸದು ಹಾಕಿಸಿ, ನಿಮ್ಮಲ್ಲಿ ಕೋಲು ಇದೆ ಅನ್ನುವುದನ್ನು ಗ್ರೂಪಿಗೆ ತಿಳಿಸಿ. ಬಾಡಿಗೆಗೆ ತಂದದ್ದಾದರೆ ಅವತ್ತೇ ವಾಪಸ್ ಕೊಡಿ, ದಿನದ ಲೆಕ್ಕ ಓಡುತ್ತಿರುತ್ತದೆ.

ಬೈಕು ಮಾತ್ರ ಡಾಕ್ಟರನ್ನು ಕೇಳಿಯೇ. ಗೇರ್ ಹಾಕುವುದು ಎಡಗಾಲು, ಹಿಂದಿನ ಬ್ರೇಕ್ ಒತ್ತುವುದು ಬಲಗಾಲು, ಸಿಗ್ನಲ್‌ನಲ್ಲಿ ಗಾಡಿ ಭಾರ ಹೊರುವುದು ಎರಡೂ. ಕೋಲಿಲ್ಲದೆ, ಕುಂಟದೆ ನಡೆಯಲು ಬಂದು, ಪೆಟ್ಟಾದ ಒಂದೇ ಕಾಲಿನ ಮೇಲೆ ನಿಲ್ಲಲು ಆದರೆ ಆ ಮಾತು ಎತ್ತಿ. ಅಲ್ಲಿವರೆಗೆ ಕೀಲಿಕೈ ಆ ಬಾಯಿಜೋರಿನ ದೋಸ್ತನ ಹತ್ತಿರ ಇರಲಿ. ಪೆಟ್ರೋಲ್ ಹಾಕಿಸಿ ಕೊಡಲು ಹೇಳಿ.